ಮನೆ ಹಿಂದಿನ ಗುಡ್ಡ, ಜನವರಿ ತಿಂಗಳು, ಉಣುಗಿನ ಭಯ: ಮಕ್ಕಳನ್ನು ಕರೆದುಕೊಂಡು ಹತ್ತಬಹುದಾ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಾವಿರುವುದು ಬೆಂಗಳೂರಲ್ಲಿ. ನನ್ನ ತವರು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಣ್ಣ ಊರು. ಮನೆ ಹಿಂದೆ ಅಡಿಕೆ ತೋಟ, ಅದು ದಾಟಿದರೆ ಸೊಪ್ಪಿನ ಬೆಟ್ಟ, ಆಮೇಲೆ ಕಾಡು ತುಂಬಿದ ಒಂದು ಗುಡ್ಡ. ಹತ್ತೋಕೆ ಮುಕ್ಕಾಲು ಗಂಟೆ ಸಾಕು. ತುದಿಯಲ್ಲಿ ಚೌಡಿ ಕಲ್ಲಿದೆ. ಚಿಕ್ಕವಳಿದ್ದಾಗ ಬರಿಗಾಲಲ್ಲಿ ಓಡಾಡಿದ ಜಾಗ ಅದು. ಈ ಸಲ ಸಂಕ್ರಾಂತಿಗೆ ಹೋದಾಗ ಒಂಬತ್ತು ವರ್ಷದ ಮಗಳು, ಆರು ವರ್ಷದ ಮಗ ಇಬ್ಬರನ್ನೂ ಅಲ್ಲಿಗೆ ಕರೆದುಕೊಂಡು ಹೋಗಬೇಕು ಅಂತ ಆಸೆ. ಅಮ್ಮನೂ ಬರುತ್ತೇನೆ ಅನ್ನುತ್ತಿದ್ದಾರೆ. ಅವರಿಗೆ 64 ವರ್ಷ, ಸಕ್ಕರೆ ಕಾಯಿಲೆ ಇದೆ. ಊರಲ್ಲಿರುವ ದೊಡ್ಡಮ್ಮ ಮಾತ್ರ ಬೇಡವೇ ಬೇಡ ಅಂತಾರೆ. ಹೋದ ವರ್ಷ ಪಕ್ಕದ ಊರಲ್ಲಿ ಮಂಗ ಸತ್ತು ಬಿದ್ದಿತ್ತಂತೆ. ಉಣುಗು (ಉಣ್ಣೆ) ಕಚ್ಚಿದರೆ ಬೆಂಕಿಕಡ್ಡಿ ತಾಗಿಸಿದರೆ ಸಾಕು ಅಂತ ನಮ್ಮನೆಯವರು. ಬೆಳ್ಳುಳ್ಳಿ ತಿಂದು, ಬೇವಿನೆಣ್ಣೆ ಹಚ್ಚಿಕೊಂಡು ಹೋದರೆ ಏನೂ ಹತ್ತಲ್ಲ ಅಂತ ಚಿಕ್ಕಪ್ಪ. ಉಣುಗಿನಿಂದ ಬರುವ ಈ ಮಂಗನ ಕಾಯಿಲೆಗೆ ಲಸಿಕೆ ಇಲ್ವಾ? ಒಬ್ಬರಿಗೆ ಬಂದರೆ ಮನೆಯವರಿಗೆಲ್ಲ ಹರಡುತ್ತಾ? ಮಳೆಗಾಲದಲ್ಲೇ ಹೋಗೋಣ ಅಂದರೆ ಮಗಳಿಗೆ ಉಂಬಳ (ಜಿಗಣೆ) ಅಂದರೆ ಜೀವ ಹೋಗುತ್ತೆ. ನಾವು ಏನು ಮಾಡಬೇಕು ಹೇಳಿ.

ಉತ್ತರ: ಮೊದಲು ನಿಮ್ಮ ದೊಡ್ಡಮ್ಮನ ಮಾತಿಗೆ ಬೆಲೆ ಕೊಡಿ. ಅವರು ವರ್ಷವಿಡೀ ಅಲ್ಲೇ ಇರುವವರು. ಮಂಗ ಸತ್ತ ಸುದ್ದಿಯನ್ನು ಅವರು ಹೇಳಿದ್ದು ಸುಮ್ನೆ ಹೆದರಿಸೋಕಲ್ಲ. ನಿಮ್ಮ ಇಡೀ ಪ್ರಶ್ನೆಯಲ್ಲಿ ನನಗೆ ಬೇಕಾಗಿದ್ದ ಮುಖ್ಯ ಮಾಹಿತಿಯೇ ಅದು. ಹಾಗಂತ ಮಲೆನಾಡಿನ ಗುಡ್ಡಗಳನ್ನೆಲ್ಲ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಯಾವ ತಿಂಗಳು, ಯಾವ ದಾರಿ, ಈ ವರ್ಷ ಸುತ್ತಮುತ್ತ ಏನಾಗಿದೆ, ಈ ಮೂರನ್ನು ನೋಡಿ ತೀರ್ಮಾನ ಮಾಡಬೇಕು.

ನಿಮ್ಮ ಪತ್ರದಲ್ಲಿ ಎರಡು ಜೀವಿಗಳು ಒಟ್ಟಿಗೆ ಸೇರಿಕೊಂಡಿವೆ. ಮಗಳು ಹೆದರುವುದು ಉಂಬಳಕ್ಕೆ, ದೊಡ್ಡಮ್ಮ ಹೆದರುವುದು ಉಣುಗಿಗೆ. ಮಲೆನಾಡಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದ ನನ್ನಂಥ ವೈದ್ಯರು ದೊಡ್ಡಮ್ಮನ ಪಕ್ಷ. ಉಂಬಳ ಕಣ್ಣಿಗೆ ಕಾಣುತ್ತೆ, ರಕ್ತ ಸುರಿಯುತ್ತೆ, ಮಕ್ಕಳು ಕಿರುಚುತ್ತಾರೆ. ಆದರೆ ಅದರಿಂದ ಆಸ್ಪತ್ರೆಗೆ ಸೇರುವ ಪರಿಸ್ಥಿತಿ ತೀರಾ ಅಪರೂಪ. ಉಣುಗು ಹತ್ತಿದ್ದೂ ಗೊತ್ತಾಗಲ್ಲ, ಕಚ್ಚಿದ್ದೂ ಎಷ್ಟೋ ಸಲ ಗೊತ್ತಾಗಲ್ಲ. ಮಂಗನ ಕಾಯಿಲೆ ತರುವುದು ಅದೇ.

ಈ ಕಾಯಿಲೆ ಮೊದಲು ಬೆಳಕಿಗೆ ಬಂದದ್ದು 1957ರಲ್ಲಿ, ನಿಮ್ಮದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅಲ್ಲಿ ಮಂಗಗಳು ಸಾಯುತ್ತಿದ್ದವು, ಕಾಡಿಗೆ ಹೋಗಿ ಬಂದ ಜನ ಜ್ವರ ಬಂದು ಮಲಗುತ್ತಿದ್ದರು. ಪುಣೆಯ ವೈರಸ್ ಸಂಶೋಧಕರು ಬಂದು ಪರೀಕ್ಷೆ ಮಾಡಿದಾಗ ಹೊಸ ವೈರಸ್ ಸಿಕ್ಕಿತು. ಆಮೇಲೆ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ, ಚಿಕ್ಕಮಗಳೂರು, ಕೇರಳದ ವಯನಾಡು, ಗೋವಾ ಹೀಗೆ ಘಟ್ಟದ ಉದ್ದಕ್ಕೂ ಕಾಣಿಸಿಕೊಂಡಿದೆ. 2019ರ ಹೊತ್ತಿಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಜನ ಅನುಭವಿಸಿದ್ದನ್ನು ನಿಮ್ಮ ಊರಲ್ಲಿ ಯಾರೂ ಮರೆತಿರಲಾರರು.

ಈಗ ತಿಂಗಳ ಲೆಕ್ಕಕ್ಕೆ ಬರೋಣ. ಇದು ಗೊತ್ತಾದರೆ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕ ಹಾಗೆ. ಕಾಡಿನ ಈ ಉಣುಗಿನ ಬದುಕಿನಲ್ಲಿ ಮೂರು ಹಂತ ಇವೆ. ಮಳೆ ಶುರುವಾದಾಗ ಬೆಳೆದ ಉಣುಗುಗಳು ದನಗಳಂಥ ದೊಡ್ಡ ಪ್ರಾಣಿಗಳ ಮೈಗೆ ಹತ್ತಿ ರಕ್ತ ಕುಡಿದು ಉದುರುತ್ತವೆ, ಒದ್ದೆ ತರಗೆಲೆಯ ಅಡಿಯಲ್ಲಿ ಮೊಟ್ಟೆ ಇಡುತ್ತವೆ. ಮಳೆ ಕಡಿಮೆಯಾಗುವ ಹೊತ್ತಿಗೆ ಮರಿಗಳು ಏಳುತ್ತವೆ. ಅವು ಇಲಿ, ಹಕ್ಕಿ, ಮಂಗಗಳ ರಕ್ತ ಕುಡಿದು, ಪೊರೆ ಬಿಟ್ಟು ಎರಡನೇ ಹಂತಕ್ಕೆ ಬರುತ್ತವೆ. ಮನುಷ್ಯರಿಗೆ ಕಾಯಿಲೆ ದಾಟಿಸುವುದು ಮುಖ್ಯವಾಗಿ ಈ ಎರಡನೇ ಹಂತದವು. ನವೆಂಬರ್‌ನಿಂದ ಮೇವರೆಗೆ ಇವುಗಳ ಕಾಲ. ಜನರಿಗೆ ಜಾಸ್ತಿ ಜ್ವರ ಬರುವುದು ಜನವರಿಯಿಂದ ಏಪ್ರಿಲ್ ಒಳಗೆ. ಅಂದರೆ ನೀವು ಆರಿಸಿಕೊಂಡಿರುವ ಸಂಕ್ರಾಂತಿ ಸರಿಯಾಗಿ ಈ ಹೊತ್ತಿಗೇ ಬರುತ್ತೆ.

ಈ ಹಂತದ ಉಣುಗು ಎಷ್ಟು ಚಿಕ್ಕದು ಅಂದರೆ, ಗಸಗಸೆ ಕಾಳಿನಷ್ಟು. ಕಾಯಿಲೆ ಬಂದ ಕಡೆ ಉಣುಗು ಹುಡುಕಲು ಹೋಗುವ ತಂಡದವರು ಬಿಳಿ ಬಟ್ಟೆಯನ್ನು ಕೋಲಿಗೆ ಕಟ್ಟಿ, ತರಗೆಲೆಯ ಮೇಲೆ ನಿಧಾನವಾಗಿ ಎಳೆಯುತ್ತಾರೆ. ಹತ್ತು ಹೆಜ್ಜೆ ಎಳೆದು ಬಟ್ಟೆ ತಿರುಗಿಸಿ ನೋಡಿದರೆ ಮೊದಲಿಗೆ ಏನೂ ಕಾಣಲ್ಲ, ಮಣ್ಣಿನ ಕಣ ಅನ್ನಿಸುತ್ತೆ. ಸ್ವಲ್ಪ ಹೊತ್ತು ಕಣ್ಣಿಟ್ಟು ನೋಡಿ. ಒಂದು ಕಣ ನಡೆಯಲು ಶುರು ಮಾಡುತ್ತೆ. ಆಮೇಲೆ ಇನ್ನೊಂದು. ದನದ ಕಿವಿಯಲ್ಲಿ, ಹೊಟ್ಟೆ ಅಡಿಯಲ್ಲಿ ಊದಿಕೊಂಡು ಕೂತಿರುತ್ತಲ್ಲ, ಆ ದೊಡ್ಡ ಉಣುಗನ್ನು ನೋಡಿ ಬೆಳೆದವರಿಗೆ ಇದು ನಂಬೋಕೆ ಕಷ್ಟ. ಆದರೆ ನಿಮ್ಮ ಮಕ್ಕಳ ಕಾಲಿಗೆ ಹತ್ತುವುದು ಈ ಕಣವೇ. ಅದು ಹಾರಲ್ಲ, ಜಿಗಿಯಲ್ಲ. ತರಗೆಲೆ, ಹುಲ್ಲು, ಕುರುಚಲು ಗಿಡದ ತುದಿಯಲ್ಲಿ ಕಾದಿದ್ದು, ತಾಗಿದವರ ಮೈಗೆ ಹತ್ತಿಕೊಳ್ಳುತ್ತೆ. ಹಾಗಾಗಿ ನೆಲಕ್ಕೆ ಹತ್ತಿರ ಇರುವ, ಕುಕ್ಕರಗಾಲಲ್ಲಿ ಕೂತು ಎಲೆ ಕೆದಕುವ ಮಕ್ಕಳಿಗೆ ಅಪಾಯ ಜಾಸ್ತಿ.

ಎಲ್ಲ ಉಣುಗಿನಲ್ಲೂ ವೈರಸ್ ಇರುವುದಿಲ್ಲ. ಕಚ್ಚಿದವರಿಗೆಲ್ಲ ಕಾಯಿಲೆ ಬರುವುದೂ ಇಲ್ಲ. ಕಚ್ಚಿದ ಕಡೆ ವಾರಗಟ್ಟಲೆ ತುರಿಸಿದರೂ ಅದು ಮಂಗನ ಕಾಯಿಲೆಯ ಲಕ್ಷಣ ಅಲ್ಲ, ಹೆದರಬೇಡಿ. ಅಪಾಯ ನಿಜವಾಗಿ ಏರುವುದು ಮಂಗ ಸತ್ತಾಗ. ಕರಿಮೂತಿಯ ಮುಸಿಯ ಇರಲಿ, ಕೆಂಪು ಮೂತಿಯ ಮಂಗ ಇರಲಿ, ಎರಡೂ ಈ ವೈರಸ್‌ಗೆ ಬೇಗ ಬಲಿಯಾಗುತ್ತವೆ. ಸತ್ತ ಮಂಗದ ಮೈ ತಣ್ಣಗಾದ ಕೂಡಲೇ ಅದರ ಮೇಲಿದ್ದ ಉಣುಗುಗಳು ಇಳಿದು ಸುತ್ತ ಹರಡುತ್ತವೆ. ಅದಕ್ಕೇ ಆರೋಗ್ಯ ಇಲಾಖೆಯವರು ಮಂಗ ಸತ್ತ ಜಾಗದ ಸುತ್ತ ಸುಮಾರು 50 ಮೀಟರ್ ಕೀಟನಾಶಕ ಪುಡಿ ಹಾಕಿಸುವುದು. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಫೋಟೊ ತೆಗೆಯೋಕೂ ಹೋಗಬೇಡಿ. ಬಂದ ದಾರಿಯಲ್ಲೇ ವಾಪಸ್ ಬಂದು ಆಶಾ ಕಾರ್ಯಕರ್ತೆಗೋ ಪಂಚಾಯಿತಿಗೋ ತಿಳಿಸಿ.

ನಿಮ್ಮನೆಯವರ ಬೆಂಕಿಕಡ್ಡಿ ಉಪಾಯ ದಯವಿಟ್ಟು ಬೇಡ. ಬೆಂಕಿ, ಸೀಮೆಎಣ್ಣೆ, ಸುಣ್ಣ ಇವು ಯಾವುವೂ ಕಚ್ಚಿ ಕೂತ ಉಣುಗಿಗೆ ಒಳ್ಳೆಯ ಮದ್ದಲ್ಲ. ಕೆರಳಿದ ಉಣುಗು ಜೊಲ್ಲನ್ನು ಒಳಕ್ಕೇ ಬಿಡಬಹುದು, ಜೊತೆಗೆ ಮಗುವಿನ ಚರ್ಮವೂ ಸುಡುತ್ತೆ. ಸಣ್ಣ ಮೊನೆಯ ಚಿಮುಟ ತಗೊಳ್ಳಿ. ಚರ್ಮಕ್ಕೆ ತಾಗುವಷ್ಟು ಹತ್ತಿರದಲ್ಲಿ ಹಿಡಿದು, ತಿರುಚದೆ, ನೇರವಾಗಿ ಮೇಲಕ್ಕೆ ಎಳೆಯಿರಿ. ಬೆರಳಲ್ಲಿ ಹಿಸುಕಿ ಕೊಲ್ಲಬೇಡಿ. ಆಮೇಲೆ ಆ ಜಾಗವನ್ನೂ ಕೈಯನ್ನೂ ಸೋಪು ಹಾಕಿ ತೊಳೆಯಿರಿ. ಕಚ್ಚದೆ ಇನ್ನೂ ಹರಿದಾಡುತ್ತಿರುವ ಸಣ್ಣವು ಹಲವು ಇದ್ದರೆ ಅಗಲವಾದ ಅಂಟು ಟೇಪು ಒತ್ತಿ ಎತ್ತಬಹುದು.

ಬೆಳ್ಳುಳ್ಳಿ ಊಟಕ್ಕೆ ಚೆನ್ನ. ಉಣುಗಿಗೆ ಅದರಿಂದ ಏನೂ ಆಗಲ್ಲ. ಬೇವಿನೆಣ್ಣೆ ಉಂಬಳವನ್ನು ಸ್ವಲ್ಪ ಹೊತ್ತು ದೂರ ಇಡಬಹುದು, ಉಣುಗಿಗೆ ಅದೊಂದನ್ನೇ ನಂಬಿಕೊಳ್ಳಬೇಡಿ. ಇದಕ್ಕೆ ಅಂತಲೇ ಡೆಪಾ ಎಣ್ಣೆ ಇದೆ. ಸೀಸನ್‌ನಲ್ಲಿ ಮಲೆನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಹೊರಡುವ ಮುಂಚೆ ಕಾಲು, ಕೈ, ಕುತ್ತಿಗೆಗೆ ಹಚ್ಚಿಕೊಳ್ಳಬೇಕು. ಮಕ್ಕಳಿಗೆ ನೀವೇ ಹಚ್ಚಿ. ಅವರ ಅಂಗೈಗೆ, ಕಣ್ಣು ಬಾಯಿಯ ಹತ್ತಿರ, ಗಾಯ ಇರುವ ಕಡೆ ಬೇಡ. ಮನೆಗೆ ಬಂದ ಮೇಲೆ ತೊಳೆದುಬಿಡಬೇಕು.

ಲಸಿಕೆ ಒಂದು ಕಾಲದಲ್ಲಿ ಇತ್ತು. ಕಾಯಿಲೆ ಇರುವ ಊರುಗಳಲ್ಲಿ ವರ್ಷಗಟ್ಟಲೆ ಹಾಕಿದರು. ಪದೇ ಪದೇ ಡೋಸ್ ಬೇಕಾಗುತ್ತಿತ್ತು, ಕೊನೆಕೊನೆಗೆ ಅದರ ರಕ್ಷಣೆಯೂ ಸಾಲದು ಅಂತ ಕಂಡುಬಂತು. 2022ರಲ್ಲಿ ನಿಲ್ಲಿಸಿದರು. ಹೊಸದಕ್ಕೆ ಕೆಲಸ ನಡೆದಿದೆ. ಆದರೆ ನಿಮ್ಮ ಈ ಪ್ರವಾಸದ ಲೆಕ್ಕಕ್ಕೆ ಲಸಿಕೆಯನ್ನು ಸೇರಿಸಿಕೊಳ್ಳಬೇಡಿ. ಇನ್ನು ಮನೆಯವರಿಗೆಲ್ಲ ಹರಡುತ್ತಾ ಅಂದಿರಿ. ಇಲ್ಲ, ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವ ಕಾಯಿಲೆ ಅಲ್ಲ. ಈ ತಪ್ಪು ತಿಳಿವಳಿಕೆಯಿಂದ ಕಾಯಿಲೆ ಬಂದವರ ಮನೆಗೆ ಯಾರೂ ಹೋಗದೆ, ಅವರ ಮನೆಯ ನೀರು ಕುಡಿಯದೆ ದೂರ ಇಟ್ಟದ್ದನ್ನು ನೋಡಿದ್ದೇನೆ. ಜ್ವರದಲ್ಲಿ ಮಲಗಿದವರಿಗೆ ಗಂಜಿ ಕೊಡೋಕೆ, ಆಸ್ಪತ್ರೆಗೆ ಕರೆದೊಯ್ಯೋಕೆ ಜನ ಬೇಕು. ದಯವಿಟ್ಟು ಊರಲ್ಲೂ ಈ ಮಾತು ಹೇಳಿ.

ಹಾಗಾದರೆ ಏನು ಮಾಡುವುದು? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ.

ಹೊರಡುವ ವಾರ ದೊಡ್ಡಮ್ಮನಿಗೆ ಫೋನ್ ಮಾಡಿ, ಊರಿನ ಆಶಾ ಕಾರ್ಯಕರ್ತೆಯನ್ನು ವಿಚಾರಿಸಲು ಹೇಳಿ. ಕೇಳಬೇಕಾದ್ದು ಇಷ್ಟು: ಈ ಸೀಸನ್‌ನಲ್ಲಿ ಸುತ್ತಮುತ್ತ ಎಲ್ಲಾದರೂ ಮಂಗ ಸತ್ತಿದೆಯಾ, ಯಾರಿಗಾದರೂ ಮಂಗನ ಕಾಯಿಲೆ ಅಂತ ಗೊತ್ತಾಗಿದೆಯಾ. ಎರಡರಲ್ಲಿ ಒಂದಕ್ಕೆ ಹೌದು ಅಂದರೂ ಗುಡ್ಡ ಬೇಡ. ಎಣ್ಣೆ ಹಚ್ಚಿಕೊಂಡು, ಬೂಟು ಹಾಕಿಕೊಂಡು ಹೋಗ್ತೀವಿ ಅನ್ನುವುದೂ ಬೇಡ. ಹೊಟ್ಟೆಪಾಡಿಗೆ ಸೌದೆ, ಸೊಪ್ಪು, ದರಗು ತರಲು ಹೋಗಲೇಬೇಕಾದವರಿಗೆ ಆ ರಕ್ಷಣೆಗಳು ಇರುವುದು. ಅವರಿಗೆ ಬೇರೆ ದಾರಿ ಇಲ್ಲ, ನಿಮಗೆ ಇದೆ. ಹೋದ ವರ್ಷ ಪಕ್ಕದ ಊರಲ್ಲಿ ಮಂಗ ಸತ್ತದ್ದು ಈ ವರ್ಷಕ್ಕೂ ಎಚ್ಚರಿಕೆಯೇ, ಆದರೆ ಅಷ್ಟರಿಂದಲೇ ಹೋಗಬಾರದು ಅಂತ ಹೇಳಲಾರೆ.

ಎರಡಕ್ಕೂ ಇಲ್ಲ ಅಂದರೆ ಹೋಗಬಹುದು, ಆದರೆ ನೀವು ಬಾಲ್ಯದಲ್ಲಿ ಹೋದ ಹಾಗೆ ಅಲ್ಲ. ಜನ ನಡೆದು ನಡೆದು ಮಣ್ಣು ಕಾಣುವ ದಾರಿ ಇದ್ದರೆ ಅದರ ನಡುವಲ್ಲೇ ನಡೆಯಿರಿ. ದಟ್ಟ ಕಾಡಿನ ಒಳಗಿಗಿಂತ ತೋಟ ಮುಗಿದು ಕಾಡು ಶುರುವಾಗುವ ಅಂಚು, ದನ ಮೇಯುವ ಜಾಗ, ಲಂಟಾನ ಬೆಳೆದ ಕುರುಚಲು, ಇಲ್ಲೇ ಹುಷಾರಾಗಿರಬೇಕು. ನಿಮ್ಮ ಸೊಪ್ಪಿನ ಬೆಟ್ಟ ಅಂಥದ್ದೇ ಜಾಗ. ಅಲ್ಲಿ ನಿಂತು ಮಾತಾಡಬೇಡಿ, ದಾಟಿಬಿಡಿ. ತಿಳಿ ಬಣ್ಣದ ಉದ್ದ ಪ್ಯಾಂಟು, ಅದರ ತುದಿ ಕಾಲುಚೀಲದ ಒಳಗೆ, ಬೂಟು, ತುಂಬು ತೋಳಿನ ಅಂಗಿ. ತಿಳಿ ಬಣ್ಣ ಯಾಕೆಂದರೆ ಹರಿದಾಡುವ ಉಣುಗು ಕಾಣಲಿ ಅಂತ. ತುದಿ ತಲುಪಿದ ಮೇಲೆ ಚೌಡಿ ಕಲ್ಲಿನ ಹತ್ತಿರ ಎಲೆ ಇಲ್ಲದ ಬಂಡೆ ನೋಡಿ ಕೂತ್ಕೊಳ್ಳಿ. ತರಗೆಲೆ ಮೇಲೆ ಟವೆಲ್ ಹಾಸಿ ಕೂರುವುದು, ಮಕ್ಕಳು ಹೊರಳಾಡುವುದು ಬೇಡ.

ಒಂದು ಮಾತು. ಯಾರನ್ನಾದರೂ ಕೂಲಿಗೆ ಕರೆದು ಮುಂಚೆಯೇ ದಾರಿ ಗುಡಿಸಿಸೋಣ ಅಂತ ಕೆಲವರು ಯೋಚಿಸುತ್ತಾರೆ. ಅದನ್ನು ಮಾಡಬೇಡಿ. ಒಣ ಎಲೆ ಗುಡಿಸುವವರಿಗೆ ಉಣುಗು ಹತ್ತುವ ಸಾಧ್ಯತೆ ನಡೆದು ಹೋಗುವವರಿಗಿಂತ ಜಾಸ್ತಿ. ನಮ್ಮ ಒಂದು ದಿನದ ಖುಷಿಗೆ ಆ ಅಪಾಯ ಇನ್ನೊಬ್ಬರ ಮೈಮೇಲೆ ಹೋಗಬಾರದು.

ಮನೆಗೆ ಬಂದ ಕೂಡಲೇ, ಕಾಫಿಗೂ ಮುಂಚೆ, ಬಚ್ಚಲಿಗೆ. ಹಾಕಿಕೊಂಡ ಬಟ್ಟೆ ಹಾಸಿಗೆ ಮೇಲೆ ಹಾಕದೆ ನೇರ ಬಿಸಿನೀರಿಗೆ. ಹಂಡೆ ನೀರು ಬಿಸಿಯಿರಲಿ, ಸೋಪು ಹಾಕಿ ಮೈ ಉಜ್ಜಿ ಸ್ನಾನ ಮಾಡಿ. ಆಮೇಲೆ ಒಳ್ಳೆಯ ಬೆಳಕಿನಲ್ಲಿ ಮಕ್ಕಳ ಮೈ ನೋಡಿ. ಕಿವಿಯ ಹಿಂದೆ, ಕೂದಲ ಬುಡ, ಕಂಕುಳು, ಹೊಕ್ಕಳು, ಸೊಂಟದ ಪಟ್ಟಿ, ತೊಡೆಸಂದು, ಮಂಡಿಯ ಹಿಂಭಾಗ. ಉಣುಗು ಇಷ್ಟಪಡುವುದು ಇಂಥ ಮೆತ್ತಗಿನ, ಮುಚ್ಚಿದ ಜಾಗ. ಮೈಗೆ ಹತ್ತಿದ ಕೂಡಲೇ ಅದು ಕಚ್ಚುವುದಿಲ್ಲ, ಜಾಗ ಹುಡುಕುತ್ತಾ ಹರಿದಾಡುತ್ತೆ. ನಿಮಗೆ ಸಿಗುವ ಅವಕಾಶ ಆ ಹೊತ್ತಿನದು.

ಅಮ್ಮನ ವಿಷಯದಲ್ಲಿ ನಾನು ಸ್ವಲ್ಪ ಬಿಗಿ. ಮಂಗನ ಕಾಯಿಲೆ ಬಂದರೆ ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ತಡೆದುಕೊಳ್ಳುವುದು ಕಷ್ಟ. ಜನವರಿಯಲ್ಲಿ ಅವರು ತೋಟದವರೆಗೆ ಬರಲಿ, ಗುಡ್ಡ ಬೇಡ. ಮಕ್ಕಳ ಜೊತೆ ಗುಡ್ಡ ಹತ್ತಲೇಬೇಕು ಅನ್ನುವ ಆಸೆ ಅವರಿಗಿದ್ದರೆ ನಿಮ್ಮ ತಾಲ್ಲೂಕಿನಲ್ಲೇ ಕುಂದಾದ್ರಿ ಇದೆ. ಮೇಲಿನ ಬಸದಿಯ ಹತ್ತಿರದವರೆಗೂ ವಾಹನ ಹೋಗುವ ರಸ್ತೆ ಇದೆ, ಆಮೇಲೆ ಮೆಟ್ಟಿಲು. ಸಂಕ್ರಾಂತಿಗೆ ಅಲ್ಲಿ ಜನವೂ ಸೇರುತ್ತಾರೆ. ಕವಲೇದುರ್ಗದಲ್ಲಿ ಕಲ್ಲು ಹಾಸಿದ ದಾರಿ ಇದೆ, ಆದರೆ ಏರು ಜಾಸ್ತಿ, ಮಂಡಿ ನೋವಿದ್ದರೆ ಇಳಿಯುವಾಗ ತೊಂದರೆ. ಎರಡೂ ಕಡೆ ದಾರಿ ಬಿಟ್ಟು ಪಕ್ಕದ ಪೊದೆಗೆ ಇಳಿಯದಿದ್ದರೆ ತರಗೆಲೆಯ ಸಹವಾಸ ಕಡಿಮೆ.

ಇನ್ನು ಮಳೆಗಾಲ. ಉಂಬಳ ಕಚ್ಚಿದಾಗ ರಕ್ತ ಹೆಪ್ಪುಗಟ್ಟದಂತೆ ಮಾಡುವ ಒಂದು ಅಂಶವನ್ನು ಗಾಯಕ್ಕೆ ಬಿಡುತ್ತೆ. ಅದಕ್ಕೇ ಅದು ಬಿದ್ದುಹೋದ ಮೇಲೂ ರಕ್ತ ಜಿನುಗುತ್ತಾ ಇರುತ್ತೆ. ನೋಡೋಕೆ ಭಯ, ಆದರೆ ಹೋಗುವ ರಕ್ತ ಸ್ವಲ್ಪವೇ. ಉಗುರಿನಿಂದ ಅದರ ಸಣ್ಣ ತುದಿಯ ಹತ್ತಿರ ಚರ್ಮಕ್ಕೆ ಒತ್ತಿ ಪಕ್ಕಕ್ಕೆ ಸರಿಸಿದರೆ ಬಿಡುತ್ತೆ. ತೊಳೆದು, ಬಟ್ಟೆ ಒತ್ತಿ ಹಿಡಿಯಿರಿ. ಉಪ್ಪು, ಹೊಗೆಸೊಪ್ಪು ಹಾಕಿದರೂ ಬೀಳುತ್ತೆ, ಆದರೆ ಬೀಳುವಾಗ ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕಬಹುದು. ಅದಕ್ಕಿಂತ ಉಗುರೇ ಒಳ್ಳೆಯದು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಮಾತ್ರ ಹುಷಾರಾಗಿರಬೇಕು, ಅಮ್ಮ ಅಂಥ ಮಾತ್ರೆ ತಗೊಳ್ತಿದ್ದಾರಾ ನೋಡಿ. ಮಗಳಿಗೆ ಒಂದು ಉಂಬಳವನ್ನು ಎಲೆಯ ಮೇಲಿಟ್ಟು, ಅದು ಮೈ ಬಗ್ಗಿಸಿ ಬಗ್ಗಿಸಿ ನಡೆಯುವುದನ್ನು ದೂರದಿಂದ ತೋರಿಸಿ. ನೋಡಿ ಪರಿಚಯವಾದರೆ ಮಕ್ಕಳ ಅಂಜಿಕೆ ಎಷ್ಟೋ ಕಡಿಮೆಯಾಗುತ್ತೆ.

ಹಾಗಂತ ಜುಲೈಯಲ್ಲಿ ಹೋಗಿ ಅನ್ನುವುದಿಲ್ಲ. ಪಾಚಿ ಕಟ್ಟಿದ ಕಲ್ಲು, ಏಕಾಏಕಿ ಏರುವ ಹಳ್ಳ ಉಂಬಳಕ್ಕಿಂತ ದೊಡ್ಡ ಅಪಾಯ. ನನ್ನನ್ನು ಕೇಳಿದರೆ ದಸರಾ ರಜೆ ಒಳ್ಳೆಯದು. ಮಳೆ ಇಳಿದಿರುತ್ತೆ, ಕಾಡು ಹಸಿರಾಗಿರುತ್ತೆ, ಮಂಗನ ಕಾಯಿಲೆಯ ಕಾಲ ಇನ್ನೂ ಶುರುವಾಗಿರಲ್ಲ. ಉಂಬಳ ಸ್ವಲ್ಪ ಇರುತ್ತೆ, ಉಣುಗಿನ ಮರಿಗಳೂ ಇರಬಹುದು, ಆದ್ದರಿಂದ ಬಟ್ಟೆ, ಎಣ್ಣೆ, ಸ್ನಾನದ ಶಿಸ್ತು ಆಗಲೂ ಬೇಕು. ಆದರೂ ಅಮ್ಮನನ್ನೂ ಸೇರಿಸಿಕೊಂಡು ನಿಮ್ಮದೇ ಗುಡ್ಡ ಹತ್ತುವುದಾದರೆ ನಾನು ಆರಿಸುವುದು ಆ ಕಾಲವನ್ನೇ.

ಕೊನೆಗೆ, ನೀವು ಕೇಳದೇ ಇರುವ ಒಂದು ವಿಷಯ. ಬೆಂಗಳೂರಿನವರಾದ್ದರಿಂದ ನಿಮಗೆ ಇದು ಗೊತ್ತಿರಲೇಬೇಕು. ಸೋಂಕು ತಗುಲಿದ ಮೇಲೆ ಜ್ವರ ಬರಲು ಸಾಮಾನ್ಯವಾಗಿ 3ರಿಂದ 8 ದಿನ ಬೇಕು. ಅಷ್ಟರಲ್ಲಿ ನೀವು ಊರಿಂದ ವಾಪಸ್ ಬಂದು, ಮಕ್ಕಳು ಶಾಲೆಗೆ ಹೋಗುತ್ತಿರುತ್ತಾರೆ. ಒಮ್ಮೆಲೇ ಜೋರು ಜ್ವರ, ಹಣೆಯಲ್ಲಿ ವಿಪರೀತ ನೋವು, ಮೈಕೈ ನೋವು, ವಾಂತಿ, ಕಣ್ಣು ಕೆಂಪು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಕಡಿಮೆ. ಬೆಂಗಳೂರಿನಲ್ಲಿ ಇದನ್ನು ನೋಡಿದ ಯಾರಿಗಾದರೂ ಮೊದಲು ನೆನಪಾಗುವುದು ಡೆಂಗ್ಯೂ. ಕಾಡಿಗೆ ಹೋಗಿದ್ದನ್ನು ನೀವು ಹೇಳದೇ ಇದ್ದರೆ ಮಂಗನ ಕಾಯಿಲೆಯ ಪರೀಕ್ಷೆಗೆ ಯಾರೂ ರಕ್ತ ಕಳಿಸಲ್ಲ. ರೋಗಿಗಳು ಇದನ್ನು ಹೇಳದೆ ಇರುವುದು ಮುಚ್ಚಿಡಬೇಕು ಅಂತಲ್ಲ, ಜ್ವರಕ್ಕೂ ಹೋದ ವಾರದ ಗುಡ್ಡಕ್ಕೂ ಸಂಬಂಧ ಇದೆ ಅಂತ ಅವರಿಗೆ ಹೊಳೆಯುವುದೇ ಇಲ್ಲ.

ಹಾಗಾಗಿ ಗುಡ್ಡ ಹತ್ತಿದ ತಾರೀಖು, ಊರು, ತಾಲ್ಲೂಕು, ಉಣುಗು ಕಚ್ಚಿದ್ದು ಕಂಡಿದ್ದರೆ ಅದು, ಇಷ್ಟನ್ನು ಫೋನಿನಲ್ಲಿ ಬರೆದಿಡಿ. ಎರಡು ವಾರದ ಒಳಗೆ ಯಾರಿಗೆ ಜ್ವರ ಬಂದರೂ ಅದನ್ನು ವೈದ್ಯರಿಗೆ ತೋರಿಸಿ. ಮೊದಲ ದಿನಗಳಲ್ಲಾದರೆ ಆರ್‌ಟಿ-ಪಿಸಿಆರ್ ಪರೀಕ್ಷೆಯಲ್ಲಿ ವೈರಸ್ ಪತ್ತೆಯಾಗುತ್ತೆ. ಮೈಮೇಲೆ ಎಲ್ಲಾದರೂ ಕಪ್ಪು ಹಕ್ಕಳೆಯಂಥ ಸಣ್ಣ ಗಾಯ ಇದ್ದರೆ ಅದನ್ನೂ ತೋರಿಸಿ. ಅದು ಸ್ಕ್ರಬ್ ಟೈಫಸ್ ಅನ್ನುವ ಬೇರೆ ಜ್ವರ ಇರಬಹುದು. ಕುರುಚಲು ಕಾಡಿನ ಇನ್ನೂ ಚಿಕ್ಕ ನುಸಿಯಿಂದ ಬರುವ ಅದಕ್ಕೆ ಸರಿಯಾದ ಔಷಧಿ ಇದೆ, ಬೇಗ ಕೊಟ್ಟರೆ ಬೇಗ ಇಳಿಯುತ್ತೆ. ಮಂಗನ ಕಾಯಿಲೆಗೆ ವೈರಸ್ ಕೊಲ್ಲುವ ಔಷಧಿ ಇಲ್ಲ. ದ್ರವ, ವಿಶ್ರಾಂತಿ, ರಕ್ತಸ್ರಾವದ ಮೇಲೆ ಕಣ್ಣು, ಇದೇ ಚಿಕಿತ್ಸೆ. ಹಾಗಿದ್ದರೂ ಹೆಚ್ಚಿನವರು ಗುಣವಾಗುತ್ತಾರೆ. ಸಾಯುವವರು ನೂರಕ್ಕೆ 3ರಿಂದ 5 ಜನ. ಆಸ್ಪತ್ರೆಗೆ ಬೇಗ ಬಂದಷ್ಟೂ ನಮಗೆ ನೋಡಿಕೊಳ್ಳೋಕೆ ಸುಲಭ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ಕೊಡಿ, ಅಳತೆ ಮೀರದೆ. ಆಸ್ಪಿರಿನ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸಬಹುದು, ಅಂಗಡಿಯಿಂದ ತಂದು ಕೊಡಬೇಡಿ. ಒಂದು ವಾರದಲ್ಲಿ ಜ್ವರ ಬಿಟ್ಟರೂ ಕೆಲವರಿಗೆ ಒಂದೆರಡು ವಾರ ಕಳೆದು ಮತ್ತೆ ಬರುತ್ತೆ. ಆಗ ತಲೆನೋವು, ಕುತ್ತಿಗೆ ಬಿಗಿ, ಕೈ ನಡುಕ, ಮಾತು ತಡವರಿಸುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೋಗಿ.